ಅಜ್ಜಿಯ ನಿಂಬೆಹಣ್ಣು ಮತ್ತು ನನ್ನ ಸ್ವಿಫ್ಟು

ಹೋದ ವಾರ ಹಾಸನದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಕೆಲಸ ಸಿಕ್ಕಿ ವರ್ಷ ಆಗಿದೆ, ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್ ತಗೊಂಡಿದ್ದಾನೆ. “ಅಣ್ಣ, ಕೈಯಲ್ಲಿ ಇನ್ನೂ ನಲವತ್ತು ಸಾವಿರ ಉಳಿದಿದೆ. ಪಿಕಪ್ ಜಾಸ್ತಿ ಆಗೋ ಹಾಗೆ ಏನಾದ್ರೂ ಮಾಡಿಸ್ಬೇಕು. ರೀಮ್ಯಾಪ್ ಮಾಡಿಸ್ಲಾ, ಸೈಲೆನ್ಸರ್ ಹಾಕಿಸ್ಲಾ?” ಅಂತ ಕೇಳಿದ. ರೀಮ್ಯಾಪ್ ಅಂದರೆ ಗಾಡಿಯ ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಏರಿಸುವುದು. ನಾನು ಅರ್ಧ ಗಂಟೆ ಮಾತಾಡಿದೆ. ಅವನು ಹೂಂ ಹೂಂ ಅಂದ. ಆ ಹೂಂ ಎಂಥದ್ದು ಅಂತ ನನಗೆ ಗೊತ್ತು. ಆರೇಳು ವರ್ಷದ ಹಿಂದೆ ನಾನೂ ಜೀಪ್ ಮಾವನಿಗೆ ಹಾಗೇ ಹೂಂಗುಟ್ಟಿದ್ದೆ. ಅದಕ್ಕೇ ಇದನ್ನು ಬರೆದು ಹಾಕುತ್ತಿದ್ದೇನೆ. ಓದಿದರೆ ಓದಲಿ.

ನನ್ನದೂ ಸ್ವಿಫ್ಟೇ. 2010ರ ವಿಡಿಐ ಅನ್ನುವ ಡೀಸೆಲ್ ಮಾದರಿ, ಕೆಎ 18, ಅಂದರೆ ನಮ್ಮ ಚಿಕ್ಕಮಗಳೂರಿನ ನಂಬರು. 2016ರಲ್ಲಿ ತಗೊಂಡಾಗ 82 ಸಾವಿರ ಕಿಲೋಮೀಟರ್ ಓಡಿತ್ತು. ಒಳಗಿರುವುದು 1248 ಸಿಸಿಯ ಫಿಯೆಟ್ ಮೂಲದ ಎಂಜಿನ್, 75 ಕುದುರೆ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಇದೇ ಎಂಜಿನ್ ಫಿಯೆಟ್ ಪುಂಟೋದಲ್ಲೂ ಇತ್ತು, ಟಾಟಾದ ವಿಸ್ಟಾದಲ್ಲೂ ಇತ್ತು. 2020ರಲ್ಲಿ ಬಿಎಸ್ 6 ಅನ್ನುವ ಹೊಗೆಯ ನಿಯಮ ಬಂದಾಗ ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಆದರೂ ನಮ್ಮ ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಕಣ್ಣು ಮುಚ್ಚಿ ಇದನ್ನು ಬಿಚ್ಚಿ ಜೋಡಿಸುತ್ತಾನೆ. ಗಟ್ಟಿ ಎಂಜಿನ್. ಒಂದೇ ಒಂದು ಚಾಳಿ ಏನಪ್ಪಾ ಅಂದರೆ, ಎಂಜಿನ್ ನಿಮಿಷಕ್ಕೆ 2000 ಸುತ್ತು, ಅಂದರೆ 2000 ಆರ್‌ಪಿಎಂ ದಾಟುವ ತನಕ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು, ನಿದ್ದೆ ಹೊಡೆಯುತ್ತದೆ. ಆಮೇಲೆ ಒಮ್ಮೆಲೇ ಎದ್ದು ಯಾರೋ ಹಿಂದಿನಿಂದ ದಬ್ಬಿದ ಹಾಗೆ ಓಡುತ್ತದೆ.

ಈ ಗಾಡಿಗೆ ಖರ್ಚು ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೇನೆ. ಕಾಫಿ ಬೀಜ ಹದಮಾಡುವ ಕ್ಯೂರಿಂಗಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಆ ಅಭ್ಯಾಸ ಮನೆಗೂ ಬಂದಿದೆ. ಮೊದಲ ಪುಟ ನೋಡಿದರೆ ಈಗ ನಗು ಬರುತ್ತದೆ. ಸ್ಟಿಕ್ಕರ್ 600. ಸೈಲೆನ್ಸರ್ ತುದಿ 4,500. ಟ್ಯೂನಿಂಗ್ ಪೆಟ್ಟಿಗೆ 9,000. ಅದರ ಕೆಳಗೆ ನಾಲ್ಕೇ ತಿಂಗಳಿಗೆ, ಕ್ಲಚ್ ಸೆಟ್ ಮತ್ತು ಕೂಲಿ 8,200.

ಪೆಟ್ಟಿಗೆಯ ಕತೆ ಹೇಳಲೇಬೇಕು. ಬೆಂಗಳೂರಿನ ಒಂದು ಅಂಗಡಿಯಲ್ಲಿ ತಂದದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಡೀಸೆಲ್ ಒತ್ತಡ ಅಳೆಯುವ ಸೆನ್ಸರಿಗೂ ಗಾಡಿಯ ಕಂಪ್ಯೂಟರಿಗೂ ನಡುವೆ ಅದನ್ನು ಸಿಕ್ಕಿಸುತ್ತಾರೆ. ಅದು ಮಾಡುವ ಕೆಲಸ ಏನು ಗೊತ್ತಾ? ಸುಳ್ಳು ಹೇಳುವುದು. ಒತ್ತಡ ಕಮ್ಮಿ ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಅದು ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ, ಗಾಡಿ ಜಿಗಿಯುತ್ತದೆ. ಹಿಂದೆ ಕರೀ ಹೊಗೆ. ಕಡೂರು ರಸ್ತೆಯಲ್ಲಿ ಮೊದಲ ದಿನ ಓಡಿಸಿದಾಗ ನನ್ನಂಥ ಜಾಣ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತ್ತು.

ನಾಲ್ಕು ತಿಂಗಳಾದ ಮೇಲೆ ನಾಲ್ಕು ಜನ ಕೂತು ಸೀತಾಳಯ್ಯನಗಿರಿ ಹತ್ತುತ್ತಿದ್ದೆವು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಕ್ಲಚ್ ಹೋಗಿತ್ತು. ಲಕ್ಷ ಕಿಲೋಮೀಟರ್ ಹತ್ತಿರ ಬಂದಿದ್ದ ಹಳೇ ಕ್ಲಚ್ಚು 190ರ ಟಾರ್ಕನ್ನೇ ಕಷ್ಟಪಟ್ಟು ಹಿಡಿದುಕೊಂಡಿತ್ತು. ನಾನು ಹೋಗಿ ಅದರ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟಿದ್ದೆ. ಮೂರು ಜನರನ್ನು ಕೆಳಗಿಳಿಸಿ, ಗಾಡಿ ಹಿಂದಕ್ಕೆ ತಿರುಗಿಸಿ, ಬೆಟ್ಟದ ಬುಡದ ಕೈಮರದ ತನಕ ಇಳಿಸಿಕೊಂಡು ಬಂದೆ. ನಡೆದು ಬಂದವರು ಆಮೇಲೆ ಹದಿನೈದು ದಿನ ಅದನ್ನೇ ಆಡಿಕೊಂಡರು.

ನಮ್ಮದು ಐದಾರು ಜನರ ಗುಂಪು. ಭಾನುವಾರ ಬೆಳಗ್ಗೆ ಆರು ಗಂಟೆಗೆ, ಟೂರಿಸ್ಟ್ ಗಾಡಿಗಳು ಬಂದು ಕೈಮರದಲ್ಲಿ ಸಾಲು ನಿಲ್ಲುವ ಮೊದಲು, ಎಲ್ಲಾದರೂ ಟೀ ಕುಡಿಯಲು ಸೇರುತ್ತೇವೆ. ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಕಾರಿನ ಹೆಸರೇ ಕರೆಯುವ ಹೆಸರು. ಒಬ್ಬ ಪೋಲೋ. ಒಬ್ಬರು ಎಸ್ಟೀಮ್ ಮೇಷ್ಟ್ರು, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಇನ್ನು ಜೀಪ್ ಮಾವ, ಅಮ್ಮನ ಸ್ವಂತ ತಮ್ಮ. ಇಪ್ಪತ್ತೆರಡು ವರ್ಷ ಎಸ್ಟೇಟ್ ಜೀಪು ಓಡಿಸಿದವನು. ಕೆಲಸದಾಳು, ಗೊಬ್ಬರ, ಕಾಫಿ ಮೂಟೆ, ಒಂದೆರಡು ಸಲ ಹೆರಿಗೆ ಕೇಸು, ಎಲ್ಲವನ್ನೂ ಮಳೆಗಾಲದ ಮಣ್ಣಿನ ರಸ್ತೆಯಲ್ಲಿ ಸಾಗಿಸಿದವನು. ಅವನಿಗೆ ಈ ಕಾರಿನ ಹುಚ್ಚಿನವರ ಮೇಲೆ ದೊಡ್ಡ ಗೌರವ ಏನಿಲ್ಲ. ಟೀಗೆ ಮಾತ್ರ ಬರುತ್ತಾನೆ.

ಕ್ಲಚ್ ಹಾಕಿಸಿದ ಮೇಲೆ ಒಂದು ದಿನ ಮಾವ ನನ್ನ ಗಾಡಿ ತಗೊಂಡು ಓಡಿಸಿದ. ಪೆಟ್ಟಿಗೆ ತೆಗೆದಿಟ್ಟಿದ್ದೆ, ಬರೀ 75 ಕುದುರೆ. ಘಾಟಿ ರಸ್ತೆಯ ತಿರುವಿನ ಮುಂಚೆಯೇ ಬ್ರೇಕ್ ಮುಗಿಸಿ, ಎರಡನೇ ಗೇರಿಗೆ ಇಳಿಸಿ, ಎಂಜಿನ್ ಗುಂಯ್ ಅನ್ನುತ್ತಿರುವಾಗಲೇ ತಿರುವಿನಿಂದ ಹೊರಗೆ ಬಂದ. ಟರ್ಬೊ ನಿದ್ದೆ ಮಾಡಲು ಬಿಡಲೇ ಇಲ್ಲ. ನಾನು ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. ಮೂರನೇ ಗೇರಲ್ಲಿ ತಿರುವಿಗೆ ನುಗ್ಗುವುದು, ನಡುವಲ್ಲಿ ಗಾಡಿ ಮುಕ್ಕರಿಯುವುದು, ಆಗ ಗೇರ್ ಹುಡುಕುವುದು, ಕಾಲು ಕ್ಲಚ್ಚಿನ ಮೇಲೇ ಇಟ್ಟಿರುವುದು. “ಅಳಿಯ, ಗೇರು ತಿರುವಿಗೆ ಮುಂಚೆ ಹಾಕೋದು. ತಿರುವೊಳಗೆ ಹುಡುಕಕ್ಕೆ ಅದೇನು ಕಳೆದುಹೋದ ಚಪ್ಪಲಿಯಾ?” ಅಂದ. ಪಿಕಪ್ ಇಲ್ಲ ಅಂತ 9,000 ಸುರಿದವನು ನಾನು. ಪಿಕಪ್ ಗಾಡಿಯೊಳಗೇ ಇತ್ತು. ನಾನು ಅದನ್ನು 1500 ಆರ್‌ಪಿಎಂನಲ್ಲಿ ಹುಡುಕುತ್ತಿದ್ದೆ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಗೆ ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಲೇಬೇಕು. ದಾರಿ ಅಂದರೆ ಹ್ಯಾಂಡ್‌ಪೋಸ್ಟ್, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ. ಮುಂದಿನ ಸೀಟಲ್ಲಿ ಕೂತು, ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು, ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳುತ್ತಾಳೆ. ಮೊದಲ ವರ್ಷ, ಅಂದರೆ ಪೆಟ್ಟಿಗೆ ಇದ್ದ ಕಾಲದಲ್ಲಿ, ಕೊಟ್ಟಿಗೆಹಾರ ತಲುಪುವ ಮೊದಲೇ ಎರಡು ಸಲ ಕವರ್ ಬಳಸಿದಳು. ನೀರುದೋಸೆಯ ಆಸೆಯಲ್ಲಿ ಗಾಡಿ ನಿಲ್ಲಿಸಿದರೆ ಅಜ್ಜಿ ಕಣ್ಣು ಸಹ ಬಿಡಲಿಲ್ಲ. “ಮಗ, ನೀನು ಗಾಡಿ ಓಡಿಸ್ತಾ ಇದ್ದೀಯಾ, ನನ್ನನ್ನು ಒನಕೆಯಲ್ಲಿ ಕುಟ್ತಾ ಇದ್ದೀಯಾ?”

ಅದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನಗಲಿಲ್ಲ. “ನಿಂಬೆಹಣ್ಣು ಒಳ್ಳೇ ಮೀಟರ್ ಕಣ್ರೀ. ಡ್ಯಾಶ್‌ಬೋರ್ಡ್ ಮೇಲೆ ಒಂದು ಇಟ್ಟು ಓಡಿಸಿ ನೋಡಿ” ಅಂದರು. ಮಾಡಿದೆ. ಒಂದು ಸಣ್ಣ ತಟ್ಟೆಯಲ್ಲಿ ನಿಂಬೆಹಣ್ಣು ಇಟ್ಟು ಆಲ್ದೂರಿನ ತನಕ ಹೋಗಿ ಬಂದೆ. ಹಣ್ಣು ತಟ್ಟೆಯಿಂದ ಹಾರಿದ್ದು ವೇಗಕ್ಕಲ್ಲ. ತಡವಾಗಿ ಬ್ರೇಕ್ ಒತ್ತಿದಾಗ ಹಾರಿತು, ಸ್ಟೇರಿಂಗನ್ನು ಒಮ್ಮೆ ಎಳೆದು ಮತ್ತೆ ಸರಿಮಾಡಿದಾಗ ಹಾರಿತು, ಕ್ಲಚ್ಚನ್ನು ಪಟ್ ಅಂತ ಬಿಟ್ಟಾಗ ಹಾರಿತು. ಮೂರು ವಾರ ಹೀಗೇ ಓಡಾಡಿದೆ. ಹಣ್ಣು ನಿಲ್ಲುವ ಹೊತ್ತಿಗೆ ಅದೇ ದಾರಿಗೆ ಎರಡು ಮೂರು ನಿಮಿಷ ಕಮ್ಮಿಯೂ ಆಗಿತ್ತು. ಇದಕ್ಕೆ ನೋಟ್‌ಬುಕ್ಕಲ್ಲಿ ಬರೆದ ಖರ್ಚು, ನಿಂಬೆಹಣ್ಣು 5.

ಎರಡನೇ ವರ್ಷದ ಧರ್ಮಸ್ಥಳ ಯಾತ್ರೆ ಮಾತ್ರ ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ. ಐದು ಜನ, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. ಅಜ್ಜಿಗೆ ಈಗ ವಾಂತಿ ಬರುತ್ತಿಲ್ಲ ಅನ್ನುವ ಹೆಮ್ಮೆ ಬೇರೆ. ಚಾರ್ಮಾಡಿ ಇಳಿಯುವಾಗ ಮೂರನೇ ಗೇರಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಗಾಡಿ ನಿಧಾನ ಆಯಿತು, ನಿಲ್ಲಲಿಲ್ಲ. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎತ್ತಿ, ಅಗಲ ಜಾಗ ನೋಡಿ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಬಿಸಿ ಬರುತ್ತಿತ್ತು, ಘಾಟು ವಾಸನೆ. ಅಜ್ಜಿಗೆ ಗುಡಿ ಅಂತಲೇ ನಿಲ್ಲಿಸಿದೆ ಅಂತ ಖುಷಿ. ಕೈ ಮುಗಿದಳು. ನಾನೂ ಮುಗಿದೆ, ಕಾರಣ ಬೇರೆ.

ತಪ್ಪು ಪೂರ್ತಿ ನನ್ನದೇ. ಎಂಜಿನ್ ಆಯಿಲ್ ಹತ್ತು ಸಾವಿರಕ್ಕೊಮ್ಮೆ ತಪ್ಪದೆ ಬದಲಿಸುತ್ತಿದ್ದೆ. ಬ್ರೇಕ್ ಆಯಿಲ್ ಅಂತ ಒಂದಿದೆ, ಅದನ್ನೂ ಬದಲಿಸಬೇಕು ಅನ್ನುವುದು ತಲೆಯಲ್ಲೇ ಇರಲಿಲ್ಲ. ಹಿಂದಿನ ಮಾಲೀಕ ಬದಲಿಸಿದ್ದನೋ ಇಲ್ಲವೋ. ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಆದರೆ, ಹೊಸದಿದ್ದಾಗ ಕಮ್ಮಿ ಅಂದರೂ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಬ್ರೇಕ್ ಆಯಿಲ್ ಎಷ್ಟರದ್ದು. ಇಳಿಜಾರಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಗುಳ್ಳೆ ಏಳುತ್ತದೆ. ನಿಮ್ಮ ಕಾಲು ಗುಳ್ಳೆಯನ್ನು ಅಮುಕುತ್ತದೆ, ಬ್ರೇಕನ್ನಲ್ಲ. ಇನ್ನೊಂದನ್ನೂ ಹೇಳಿದರು, ಅದು ತಲೆಯಲ್ಲಿ ಕೂತಿದೆ. 40ರ ಬದಲು 50ರ ವೇಗದಿಂದ ಗಾಡಿ ನಿಲ್ಲಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೀಟರಿನಲ್ಲಿ ಬರೀ ಹತ್ತು ಅಂತ ಕಾಣುತ್ತದೆ.

ವಾಪಸ್ ಬಂದ ಮಾರನೇ ದಿನವೇ ಬ್ರೇಕ್ ಆಯಿಲ್ ಬದಲಿಸಿದೆ. ಆಯಿಲ್ ಮತ್ತು ಕೂಲಿ ಸೇರಿ 650. ಮುಂದಿನ ಪ್ಯಾಡ್ 1,600. ಹಳೇ ಆಯಿಲ್ ಹಾಲು ಹಾಕದ ಕಾಫಿ ಬಣ್ಣಕ್ಕೆ ಬಂದಿತ್ತು. ಈಗ ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ. ಇಡೀ ನೋಟ್‌ಬುಕ್ಕಲ್ಲಿ ಕೊಟ್ಟ ಕಾಸಿಗೆ ಇಷ್ಟು ಸಿಕ್ಕಿದ್ದು ಬೇರೆ ಯಾವುದರಲ್ಲೂ ಇಲ್ಲ. ಆದರೆ ಇದನ್ನು ಟೀ ಅಂಗಡಿಯಲ್ಲಿ ಯಾರಿಗೂ ತೋರಿಸಿ ಜಂಬ ಕೊಚ್ಚಲು ಆಗುವುದಿಲ್ಲ, ಅದೇ ಕಷ್ಟ.

ಇಳಿಯುವಾಗ ನ್ಯೂಟ್ರಲ್ ಮಾಡಿ ಬಿಡುವವರು ನಮ್ಮಲ್ಲಿ ತುಂಬಾ ಜನ. ಡೀಸೆಲ್ ಉಳಿಯುತ್ತದೆ ಅನ್ನುವ ಲೆಕ್ಕ. ಹಳೇ ಗಾಡಿಗಳಲ್ಲಿ ಏನಿತ್ತೋ, ಈಗಿನ ಕಂಪ್ಯೂಟರ್ ಇರುವ ಗಾಡಿಗಳಲ್ಲಿ ಆ ಲೆಕ್ಕ ತಲೆಕೆಳಗು. ಗೇರಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಂತುಬಿಡುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನಾಗಿ ಓಡುತ್ತಿರಬೇಕಲ್ಲ, ಅದಕ್ಕೆ ಡೀಸೆಲ್ ಬೇಕೇ ಬೇಕು. ಇನ್ನು ಎಂಜಿನ್ನನ್ನೇ ಆಫ್ ಮಾಡಿ ಇಳಿಯುವ ಪುಣ್ಯಾತ್ಮರಿದ್ದಾರೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿಗೆ ಎಂಜಿನ್ನಿನ ಸಹಾಯ ಇರುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಅವರ ಬಗ್ಗೆ ಬರೆದರೆ ಬಾಯಲ್ಲಿ ಕೆಟ್ಟ ಮಾತು ಬರುತ್ತದೆ.

ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ಮಾವ ಕಲಿಸಿದ ಮೊದಲ ಪಾಠ. ಕಿರಿದಾದ ಘಾಟಿ ರಸ್ತೆಯಲ್ಲಿ ಅದು ಕಾನೂನು ಸಹ, 1989ರ ರಸ್ತೆ ನಿಯಮಗಳಲ್ಲೇ ಇತ್ತು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾರದ ಕೊನೆಗೆ ಇಳಿಯುವವರು ಹೈಬೀಮ್ ಹೊಡೆದು ಹಾರ್ನ್ ಮಾಡುವುದನ್ನು ನೋಡಿದರೆ, ಆ ನಿಯಮ ಯಾರ ಮನೆಯ ಅಟ್ಟದಲ್ಲಿದೆಯೋ ಅನ್ನಿಸುತ್ತದೆ.

ಟೈರು. ಇದೊಂದರಲ್ಲಿ ನಾನು ದುಡ್ಡು ಸುರಿದೆ, ಬೇಜಾರಿಲ್ಲ. ವಿಡಿಐಗೆ ಬಂದಿದ್ದು 165/80 ಆರ್ 14, ಅಂದರೆ 165 ಮಿಲಿಮೀಟರ್ ಅಗಲ, ಸೈಕಲ್ ಟೈರಿನ ಅಣ್ಣನ ಹಾಗಿತ್ತು. ಅದೇ ಸ್ವಿಫ್ಟಿನ ಝಡ್‌ಎಕ್ಸ್‌ಐ ಮಾದರಿಗೆ ಕಂಪನಿಯೇ ಕೊಡುತ್ತಿದ್ದ ಅಳತೆ 185/70 ಆರ್ 14. ನಾನು ಹಾಕಿಸಿದ್ದು ಅದನ್ನೇ. ಮೇಷ್ಟ್ರು ಟೀ ಬಿಲ್ಲಿನ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಹಳೇದರ ವ್ಯಾಸ 620 ಮಿಲಿಮೀಟರ್, ಹೊಸದರದ್ದು 615. ಐದೇ ಮಿಲಿಮೀಟರ್ ವ್ಯತ್ಯಾಸ, ಸ್ಪೀಡೋಮೀಟರ್ ಹೆಚ್ಚುಕಮ್ಮಿ ಆಗುವುದಿಲ್ಲ. ರಸ್ತೆಗೆ ತಾಗುವ ಅಗಲ ಮಾತ್ರ ಜಾಸ್ತಿ. ಮೈಲೇಜ್ ಒಂದು ಕಿಲೋಮೀಟರ್ ಕಮ್ಮಿ ಆಯಿತು, ಸ್ಟೇರಿಂಗ್ ನಿಲ್ಲಿಸಿದ ಕಡೆ ಸ್ವಲ್ಪ ಭಾರ ಆಯಿತು. ಆದರೆ ಜುಲೈ ಮಳೆಯಲ್ಲಿ ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತ ತಿರುವುಗಳಲ್ಲಿ, ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಮಣ್ಣಿನ ಮೇಲೆ, ಗಾಡಿ ಹಿಡಿದುಕೊಳ್ಳುವ ರೀತಿಯೇ ಬೇರೆ. ಪೋಲೋ ಮಾತ್ರ ಒಪ್ಪಲಿಲ್ಲ. ಅವನು 17 ಇಂಚಿನ ಅಲಾಯ್ ಚಕ್ರ ಹಾಕಿಸಿ, ನೋಡಲು ಪಟ್ಟಾಗಿತ್ತು ನಿಜ, ಬೇಲೂರು ರಸ್ತೆಯ ಒಂದೇ ಗುಂಡಿಯಲ್ಲಿ ಎರಡು ಬಗ್ಗಿಸಿಕೊಂಡ.

ಟೈರ್ ಕೊಳ್ಳುವಾಗ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಬೇಕು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3118 ಅಂದರೆ 2018ರ 31ನೇ ವಾರ ಮಾಡಿದ್ದು. ಹಳೇ ಟೈರಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಕೊಬ್ಬರಿ ಚಿಪ್ಪಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಬಾನೆಟ್ ಎತ್ತುವ ಮೊದಲು ಇದನ್ನು ನೋಡಿ.

ಲೈಟಿನ ವಿಷಯದಲ್ಲೂ ಒಂದು ಪೆಟ್ಟು ತಿಂದಿದ್ದೇನೆ. ಮಂಜಿಗೆ ಅಂತ 100/90 ವ್ಯಾಟಿನ ಬಲ್ಬ್ ಹಾಕಿದೆ, ಹೈಬೀಮಿಗೆ 100, ಡಿಮ್ಮಿಗೆ 90. ಗಾಡಿಗೆ ಬಂದದ್ದು 60/55. ತಿಂಗಳೊಳಗೆ ಹೋಲ್ಡರ್ ಕರಗಿತು. ಆಮೇಲೆ ಗೊತ್ತಾಯಿತು, ಅಷ್ಟು ವ್ಯಾಟ್ ರಸ್ತೆಯಲ್ಲಿ ಬಳಸುವುದೂ ಕಾನೂನಿಗೆ ಸರಿಯಲ್ಲ ಅಂತ. ವೈರಿಂಗಿಗೆ ರಿಲೇ ಅನ್ನುವ ಸಣ್ಣ ಸ್ವಿಚ್ಚು ಹಾಕಿಸಿ ಅದೇ 60/55 ಬಲ್ಬ್ ಹಾಕಿದರೆ ಸಾಕು, ಬ್ಯಾಟರಿಯಿಂದ ನೇರವಾಗಿ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಬೆಳಕು ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಗುತ್ತದೆ. ನನಗೆ ಆಗಿದ್ದು 800 ರೂಪಾಯಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ಡಿಮ್ಮಲ್ಲೇ ಹೋಗಬೇಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವವರು, ದಯವಿಟ್ಟು ಬೇಡ. ನೀವು ನಿಂತಿದ್ದೀರೋ, ತಿರುಗುತ್ತೀರೋ ಅಂತ ಹಿಂದಿನವನಿಗೆ ಗೊತ್ತಾಗುವುದಿಲ್ಲ.

ರ‍್ಯಾಲಿ ಕಾರುಗಳನ್ನು ನೋಡಿ ಕಲಿತೆವು ಅನ್ನುವವರಿಗೂ ಒಂದು ಮಾತು. ನಮ್ಮೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆಯುತ್ತಿದ್ದಾಗ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ದಿಣ್ಣೆಯ ಮೇಲೆ ನಿಂತು ನೋಡಿದವರೇ. ಗೌರವ್ ಗಿಲ್ 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದವರು. ಅವರ ಸ್ಕೋಡಾ ಫ್ಯಾಬಿಯಾ ತೋಟದ ಮಣ್ಣಿನ ರಸ್ತೆಯಲ್ಲಿ ಅಡ್ಡಡ್ಡ ಜಾರಿಕೊಂಡು ಬರುವುದನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ. ಅದೇ ಸಂಜೆ ಊರ ಹುಡುಗರೆಲ್ಲ ಹ್ಯಾಂಡ್‌ಬ್ರೇಕ್ ಎಳೆಯಲು ಶುರು. ಆ ರಸ್ತೆಯಲ್ಲಿ ಎದುರಿಗೆ ಯಾರೂ ಬರುವುದಿಲ್ಲ, ಮುಚ್ಚಿರುತ್ತಾರೆ. ಪಕ್ಕದ ಸೀಟಲ್ಲಿ ಮುಂದಿನ ತಿರುವು ಎಂಥದ್ದು ಅಂತ ಬರೆದುಕೊಂಡು ಓದಿ ಹೇಳುವವನಿರುತ್ತಾನೆ. ನಮ್ಮ ಪಕ್ಕದ ಸೀಟಲ್ಲಿ ಕೂರುವುದು ನಿಂಬೆಹಣ್ಣು ಹಿಡಿದ ಅಜ್ಜಿ. ತಿರುವಿನ ಆಚೆ ಸರ್ಕಾರಿ ಬಸ್ಸಿದೆಯೋ, ಸಕಲೇಶಪುರದ ಕಡೆಯಾದರೆ ಆನೆಯೇ ಇದೆಯೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸೈಲೆನ್ಸರ್ ಬಗ್ಗೆ ತಮ್ಮ ಎರಡು ಸಲ ಕೇಳಿದ್ದ. ಸದ್ದು ಬಿಟ್ಟರೆ ನನಗೆ ಏನೂ ಸಿಗಲಿಲ್ಲ. ಜೊತೆಗೆ ಕಾನೂನು ಬೇರೆ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತಾಗಿದೆ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದೂ ಇಂಥದ್ದನ್ನೇ. ಪೋಲೋ ಇದಕ್ಕೆ “ಯಾರು ಹಿಡಿತಾರೆ ಬಿಡ್ರೀ” ಅನ್ನುತ್ತಾನೆ. ಅವನ ಗಾಡಿ ರೀಮ್ಯಾಪ್ ಆಗಿದೆ, ಚೆನ್ನಾಗಿಯೇ ಓಡುತ್ತದೆ. ಸುಳ್ಳು ಹೇಳಬಾರದು, ಓಡಿಸಿದಾಗ ನನಗೂ ಹೊಟ್ಟೆಕಿಚ್ಚಾಯಿತು.

ಹಾಗಾಗಿ ತಮ್ಮನಿಗೆ ನಾನು ಹೇಳಿದ್ದು ಇಷ್ಟು. ನಲವತ್ತರಲ್ಲಿ ಅರ್ಧ ಟೈರಿಗೆ ಇಡು. ಬ್ರೇಕ್ ಆಯಿಲ್, ಪ್ಯಾಡ್, ರಿಲೇ ಎಲ್ಲ ಸೇರಿ ಮೂರು ನಾಲ್ಕು ಸಾವಿರ. ಮುಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಬದಲಿಸು, ಅಲೈನ್‌ಮೆಂಟ್ ಮಾಡಿಸು. ಡಿಕ್ಕಿಯಲ್ಲಿರುವ ಹಳೇ ಕ್ರಿಕೆಟ್ ಕಿಟ್ ಕೆಳಗಿಳಿಸು, ಅದಕ್ಕೆ ಕಾಸೇ ಬೇಡ. ಉಳಿದಿದ್ದರಲ್ಲಿ ಡೀಸೆಲ್ ಹಾಕಿಸಿಕೊಂಡು ಊರಿಗೆ ಬಾ, ಮಾವನ ಜೊತೆ ನಾಲ್ಕು ಭಾನುವಾರ ಓಡಿಸು. ಆಮೇಲೂ ಪಿಕಪ್ ಸಾಲದು ಅನ್ನಿಸಿದರೆ ನಾನೇ ಪೋಲೋ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಹೋದ ಶಿವರಾತ್ರಿ ಮುಗಿದ ಮೇಲೆ ಅಜ್ಜಿ ಧರ್ಮಸ್ಥಳಕ್ಕೆ ಬಂದಿದ್ದಳು. ಎರಡನೇ ಗೇರಲ್ಲಿ ಚಾರ್ಮಾಡಿ ಇಳಿದೆ. ನಿಂಬೆಹಣ್ಣು ಕೈಯಲ್ಲೇ ಇತ್ತು, ನಿದ್ದೆ ಹೋಗಿದ್ದಳು. ಗುಡಿ ದಾಟಿದ್ದು ಗೊತ್ತಾಗಲಿಲ್ಲ ಅಂತ ವಾಪಸ್ ಬರುವ ತನಕ ಬೈದಳು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ತಮ್ಮನ ಮೆಸೇಜ್ ಬಂತು. ಟೈರಿನ ಪಕ್ಕದ ನಾಲ್ಕು ಅಂಕಿ ಫೋಟೊ ತೆಗೆದು ಕಳಿಸು ಅಂದಿದ್ದೆ. ಮುಂದಿನ ಎರಡೂ 2214, ಅಂದರೆ 2014ರ ಟೈರು. ಭಾನುವಾರ ಬೆಳಗ್ಗೆ ಆರಕ್ಕೆ ಇಲ್ಲಿರುತ್ತೇನೆ ಅಂತ ಬರೆದಿದ್ದ. “ಬಸ್ಸಲ್ಲಿ ಬಾ ಮಾರಾಯ” ಅಂತ ಹಾಕಿದ್ದೇನೆ.